ಬಾದಾಮಿಯಿಂದ ಮಹಾಕೂಟಕ್ಕೆ ಗುಡ್ಡದ ಹಾದಿಯಲ್ಲಿ ನಡೆಯಲು ಎಷ್ಟು ಹೊತ್ತು ಬೇಕು? ಮ್ಯಾಪ್ ತೋರಿಸುವ ಸಮಯ ನಂಬಬಹುದೇ?

ನಂಬಬೇಡಿ. ಅಪ್ಪ-ಅಮ್ಮ, ಎಂಟು ವರ್ಷದ ಮಗಳು, "ಮ್ಯಾಪ್ ಒಂದು ಗಂಟೆ ಹತ್ತು ನಿಮಿಷ ಅನ್ನುತ್ತಿದೆ, ಡಿಸೆಂಬರ್‌ನಲ್ಲಿ ನಡೆದು ಹೋಗಿ ನಡೆದೇ ಬಂದು ಸಂಜೆ ರೈಲು ಹಿಡಿಯುತ್ತೇವೆ" ಅಂತ ನೀವು ಬರೆದದ್ದನ್ನು ಓದುತ್ತಿದ್ದಂತೆ ನನಗೆ ನಮ್ಮ ಭಾವನ ಮೊಣಕಾಲು ನೆನಪಾಯಿತು.

ನಾನು ಬಾಗಲಕೋಟೆಯವನು. ಆ ಹಾದಿಯನ್ನು ಒಂದು ಚಳಿಗಾಲದ ಬೆಳಗ್ಗೆ ಒಬ್ಬನೇ ನಡೆದಿದ್ದೆ. ರಸ್ತೆಯಲ್ಲಿ ಸುತ್ತಿ ಹೋದರೆ ಹದಿನಾಲ್ಕು ಕಿಲೋಮೀಟರ್ ಆಗುವ ಮಹಾಕೂಟ ಗುಡ್ಡದ ಮೇಲಿಂದ ಸುಮಾರು ಐದೇ ಕಿಲೋಮೀಟರ್. ಫೋನಿನಲ್ಲಿ ನಡಿಗೆ ಅಳೆಯುವ ಆ್ಯಪ್ ಹಾಕಿಕೊಂಡಿದ್ದೆ. ಪುಷ್ಕರಣಿಯ ಮೆಟ್ಟಿಲ ಮೇಲೆ ಕೂತು ನೋಡಿದರೆ ದಪ್ಪ ಅಕ್ಷರದಲ್ಲಿ 1 ಗಂಟೆ 22 ನಿಮಿಷ. ಅಲ್ಲಿಂದ ಮುಂದೆ ಯಾರು ಕೇಳಿದರೂ ನನ್ನ ಉತ್ತರ ಒಂದೇ: "ಒಂದೂವರಿ ತಾಸು, ಮುಗೀತು."

ದೀಪಾವಳಿ ರಜೆಗೆ ಸೊಲ್ಲಾಪುರದಿಂದ ಅಕ್ಕ, ಭಾವ, ಅವರ ಮಗ ಬಂದಿದ್ದರು. ವಾಪಸ್ ಹೋಗುವ ದಿನ ಬಾದಾಮಿ ನೋಡಿಕೊಂಡು ಅಲ್ಲಿಂದಲೇ ಸಂಜೆ ರೈಲು ಹತ್ತುವುದು ಅಂತ ಆಯಿತು. ಲೆಕ್ಕ ನನ್ನದೇ. ಹತ್ತೂವರೆಗೆ ಬಾದಾಮಿ ಬಿಡುವುದು, ಹನ್ನೆರಡಕ್ಕೆ ಮಹಾಕೂಟ, ದರ್ಶನ, ಊಟ, ಒಂದೂವರೆಗೆ ತಿರುಗಿ ಹೊರಡುವುದು, ಮೂರಕ್ಕೆ ಬಾದಾಮಿ. ಆಮೇಲೆ ಗುಹೆ ನೋಡಲೂ ಟೈಮ್ ಉಳಿಯುತ್ತದೆ! ಅವ್ವ ಮತ್ತು ನನ್ನ ಹೆಂಡತಿ ಬುತ್ತಿ ಕಟ್ಟಿಕೊಂಡು ಟಂಟಂನಲ್ಲಿ ರಸ್ತೆ ಮೇಲೆ ಹೋಗಿ ಮಹಾಕೂಟದಲ್ಲಿ ಕಾಯುವುದು. ಸಜ್ಜಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಗಟ್ಟಿ ಮೊಸರು.

ಬಾದಾಮಿ ಬಿಟ್ಟಾಗಲೇ ಹನ್ನೊಂದೂಕಾಲು. ಭಾವ ಕೆರೆಯ ಫೋಟೋ ತೆಗೆಯುತ್ತ ನಿಂತಿದ್ದರು, ಅಷ್ಟರಲ್ಲಿ ಒಂದು ಮಂಗ ಅಕ್ಕನ ಕೈಯಿಂದ ಬಾಳೆಹಣ್ಣಿನ ಚೀಲ ಕಿತ್ತುಕೊಂಡು ಗೋಡೆ ಏರಿತು. ಮಂಗ ಚೀಲ ಬಿಸಾಡುವವರೆಗೆ ಹುಡುಗ ಅಲ್ಲಿಂದ ಕದಲಲಿಲ್ಲ, ಅದರಲ್ಲಿ ಅವನ ಟೊಪ್ಪಿಗೆ ಇತ್ತು. ಗುಡ್ಡ ಏರಿದ ಮೇಲೆ ಅಕ್ಕನ ಚಪ್ಪಲಿ ಬಾರು ಸಡಿಲಾಯಿತು. ಹುಡುಗನ ಪ್ಯಾಂಟಿಗೆ ಜಾಲಿ ಮುಳ್ಳು. ಮೇಲೆ ಹಾಸುಬಂಡೆಯ ಬಯಲಿನಲ್ಲಿ ಎಲ್ಲಿ ನೋಡಿದರೂ ಹಾದಿಯಂತೆಯೇ ಕಾಣುತ್ತದೆ. ನಾನು ಗೊತ್ತಿದ್ದವನ ಗತ್ತಿನಲ್ಲಿ ಮುಂದೆ ನಡೆದು ಎಲ್ಲರನ್ನೂ ಒಂದು ಕೊರಕಲಿಗೆ ಇಳಿಸಿದೆ. ಆಡು ಕಾಯುವ ಹಿರಿಯರೊಬ್ಬರು ದೂರದಿಂದಲೇ ಕೂಗಿದರು: "ಆ ಕಡೆ ಅಲ್ರೀ ತಮ್ಮಾ, ಅದು ಆಡಿನ ಹಾದಿ. ಕಲ್ಲ ಹಾಸಿದ್ದ ಹಿಡೀರಿ."

ಮಹಾಕೂಟ ಮುಟ್ಟಿದಾಗ ಎರಡು ಗಂಟೆ. ನಡುವೆ ಫೋನ್ ಸಿಗ್ನಲ್ ಇರಲಿಲ್ಲ. ಅವ್ವ ಗುಡಿ ಮುಂದೆ ಹೂ-ಕಾಯಿ ಮಾರುವವರನ್ನೆಲ್ಲ ವಿಚಾರಿಸಿ ಮುಗಿಸಿದ್ದಳು. ನನ್ನನ್ನು ನೋಡಿ ಕೇಳಿದ್ದು ಇಷ್ಟೇ: "ಒಂದೂವರಿ ತಾಸಂದ್ರ, ಯಾರ ತಾಸೋ ಅದು?"

ಇಲ್ಲಿಗೆ ನಿಂತಿದ್ದರೂ ನಡೆಯುತ್ತಿತ್ತು. ಆದರೆ ನಾನು ಅದೇ ಅಂಕಿಯನ್ನು ಎರಡನೇ ಸಲ ನಂಬಿದೆ. ಹೋಗುವಾಗ ಮಂಗ, ಚಪ್ಪಲಿ ಅಂತ ತಡವಾಯಿತು, ಬರುವಾಗ ಹಾದಿ ಗೊತ್ತಲ್ಲ, ಒಂದೂವರೆ ತಾಸೇ ಅಂದುಕೊಂಡೆ. ಊಟ ಮುಗಿಯುತ್ತಲೇ ಅವ್ವನನ್ನೂ ಹೆಂಡತಿಯನ್ನೂ ಟಂಟಂ ಹತ್ತಿಸಿ ಕಳಿಸಿಬಿಟ್ಟೆ. ಭಾವನಿಗೆ ಮಹಾಕೂಟದ ಶಾಸನಕಂಬ ನೋಡಬೇಕಿತ್ತು. ಚಾಲುಕ್ಯ ಮಂಗಳೇಶನ ಕಾಲದ ಆ ಕಂಬ ಈಗ ಇರುವುದು ವಿಜಯಪುರದ ಗೋಳಗುಮ್ಮಟದ ಮ್ಯೂಸಿಯಂನಲ್ಲಿ ಅಂತ ತಿಳಿಸಿ ಹೇಳಿ ಹೊರಡಿಸುವಷ್ಟರಲ್ಲಿ ಮೂರೂಕಾಲು. ಹೊಟ್ಟೆ ತುಂಬ ಮೊಸರನ್ನ ಉಂಡು, ಬೆಳಗಿನಿಂದ ಕಾದ ಕಲ್ಲಿನ ಮೇಲೆ ನೇರ ಏರು. ಬಾದಾಮಿ ಕಡೆ ಇಳಿಯುವಾಗ ಭಾವನ ಬಲಮೊಣಕಾಲು ಹಿಡಿದುಕೊಂಡಿತು. ಒಂದೊಂದು ಕಲ್ಲಿಗೂ ಅಡ್ಡ ತಿರುಗಿ, ನನ್ನ ಭುಜ ಹಿಡಿದು ಇಳಿದರು. ಊರು ಮುಟ್ಟಿದಾಗ ಬೀದಿದೀಪ ಹತ್ತಿದ್ದವು. ಸ್ಟೇಷನ್ ಊರಿನಿಂದ ಇನ್ನೂ ಐದು ಕಿಲೋಮೀಟರ್. ಆಟೋ ಇಳಿದಾಗ ಪ್ಲಾಟ್‌ಫಾರ್ಮ್‌ನಲ್ಲಿ ಇದ್ದದ್ದು ಒಬ್ಬ ಚಹಾದವ ಮಾತ್ರ. ರಾತ್ರಿ ಬಸ್ಸಿನಲ್ಲಿ ವಿಜಯಪುರ, ಅಲ್ಲಿಂದ ಮತ್ತೊಂದರಲ್ಲಿ ಸೊಲ್ಲಾಪುರ. ಭಾವ ನನಗೆ ಒಂದು ಮಾತೂ ಅನ್ನಲಿಲ್ಲ. ಅಕ್ಕ ಅಂದದ್ದನ್ನು ಇಲ್ಲಿ ಬರೆಯುವುದಿಲ್ಲ.

ಎಲ್ಲಿ ಎಡವಿದ್ದು ಅಂತ ತಿಳಿಯಲು ಆ ರಾತ್ರಿ ಹಳೇ ದಾಖಲೆ ತೆಗೆದೆ. ದಪ್ಪ ಅಕ್ಷರದ ಕೆಳಗೆ ಸಣ್ಣದಾಗಿ ಇನ್ನೊಂದು ಅಂಕಿ: ಒಟ್ಟು ಸಮಯ 2 ಗಂಟೆ 9 ನಿಮಿಷ. ಮೇಲಿನದು ಬರೀ ಕಾಲು ಆಡಿದ ಸಮಯ. ಆ್ಯಪ್‌ನಲ್ಲಿ ಆಟೋ ಪಾಜ್ (auto-pause) ಅಂತ ಒಂದು ಇರುತ್ತದೆ. ನೀವು ನಿಂತರೆ ಅದರ ಗಡಿಯಾರವೂ ನಿಲ್ಲುತ್ತದೆ, ಹೆಜ್ಜೆ ಇಟ್ಟರೆ ಮತ್ತೆ ಶುರು. ನೀರು ಕುಡಿದದ್ದು, ಲೇಸು ಕಟ್ಟಿದ್ದು, ಎರಡು ಹಾದಿ ಕೂಡುವಲ್ಲಿ ತಲೆ ಕೆರೆದುಕೊಂಡದ್ದು, ಕುರಿ ಹಿಂಡು ದಾಟಲಿ ಅಂತ ಬದಿಗೆ ನಿಂತದ್ದು ಯಾವುದೂ ಲೆಕ್ಕಕ್ಕಿಲ್ಲ. ಒಬ್ಬನೇ ಹೋದಾಗಲೇ, ಮುಂಜಾನೆಯ ತಂಪಿನಲ್ಲೇ, ನಾನು 47 ನಿಮಿಷ ಸುಮ್ಮನೆ ನಿಂತಿದ್ದೆ. ನಿಂತದ್ದು ನೆನಪಿನಲ್ಲೇ ಇರಲಿಲ್ಲ. ಮನುಷ್ಯನ ನೆನಪಿಗೂ ಒಂದು ಆಟೋ ಪಾಜ್ ಇದೆ ಅನಿಸುತ್ತದೆ.

ಒಬ್ಬ 47 ನಿಮಿಷ ನಿಂತರೆ ನಾಲ್ವರೂ ಅಷ್ಟೇ ನಿಲ್ಲುತ್ತಾರೆ ಅಂದುಕೊಳ್ಳಬೇಡಿ. ಎಲ್ಲರೂ ಒಂದೇ ಕಾಲಕ್ಕೆ ನಿಲ್ಲುವುದಿಲ್ಲ. ಒಬ್ಬರು ನೀರು ಕುಡಿದು ಬಾಟಲಿ ಮುಚ್ಚಿದ ಮೇಲೆ ಇನ್ನೊಬ್ಬರಿಗೆ ಬಾಯಾರಿಕೆ. ಅವರದು ಮುಗಿದ ಮೇಲೆ ಮೂರನೆಯವರಿಗೆ ಫೋಟೋ. ಮದುವೆ ಮನೆಯಲ್ಲಿ "ಬರ್ತೀವ್ರಿ" ಅಂದು ಎದ್ದವರು ಬಾಗಿಲಲ್ಲಿ ಅರ್ಧ ತಾಸು ನಿಂತ ಹಾಗೆ. ಅದೂ ಬಾದಾಮಿಯಂಥ ಕಡೆ ಜನ ದಣಿವಾಗಿಯೇ ನಿಲ್ಲಬೇಕೆಂದಿಲ್ಲ. 543ರಲ್ಲಿ ಒಂದನೆಯ ಪುಲಕೇಶಿ ಕೋಟೆ ಕಟ್ಟಿಸಿದ್ದಕ್ಕೆ ಬಂಡೆಯ ಮೇಲೇ ಶಾಸನವಿರುವ ಊರಿದು. ನೋಡುವ ಕಣ್ಣಿದ್ದವರನ್ನು ನೂರು ಹೆಜ್ಜೆ ಒಂದೇ ಸಮನೆ ನಡೆಸುವುದೇ ಕಷ್ಟ.

ಯಾರಾದರೂ ನಿಮಗೆ ನೇಸ್ಮಿತ್ ಸೂತ್ರ ಹೇಳಬಹುದು. ಸ್ಕಾಟ್ಲೆಂಡ್‌ನ ಪರ್ವತಾರೋಹಿ ವಿಲಿಯಂ ನೇಸ್ಮಿತ್ 1892ರಲ್ಲಿ ಕೊಟ್ಟದ್ದು: ಐದು ಕಿಲೋಮೀಟರಿಗೆ ಒಂದು ಗಂಟೆ, ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ನಮ್ಮ ಗುಡ್ಡಕ್ಕೆ 150 ಮೀಟರ್ ಏರು ಅಂತ ಹಿಡಿದರೂ ಕಾಲು ಗಂಟೆ ಸೇರಿ ಒಂದೂಕಾಲು ಗಂಟೆ. ನಿಮ್ಮ ಮ್ಯಾಪ್ ಹೇಳಿದ್ದೂ ಹೆಚ್ಚುಕಡಿಮೆ ಅದೇ. ಸೂತ್ರ ಸುಳ್ಳಲ್ಲ. ಅದು ಗಟ್ಟಿಮುಟ್ಟಾದವರು, ಒಳ್ಳೆ ಹಾದಿಯಲ್ಲಿ, ನಿಲ್ಲದೆ ನಡೆದ ಲೆಕ್ಕ. ಇಳಿಜಾರಿಗೆ ಎರಿಕ್ ಲ್ಯಾಂಗ್‌ಮ್ಯುಯರ್ ಆಮೇಲೆ ಒಂದು ತಿದ್ದುಪಡಿ ಸೇರಿಸಿದರು. ಹದವಾದ ಇಳಿಜಾರಾದರೆ 300 ಮೀಟರಿಗೆ ಹತ್ತು ನಿಮಿಷ ಕಳೆಯಬೇಕು, ಕಡಿದಾಗಿದ್ದರೆ ಅಷ್ಟೇ ಕೂಡಿಸಬೇಕು. ನಮ್ಮ ಭಾವ ಕೂಡಿಸುವ ಪೈಕಿ. ನಿಮ್ಮ ತಂದೆಗೆ "ಸ್ವಲ್ಪ ಮಂಡಿನೋವು" ಅಂತ ಬರೆದಿದ್ದೀರಿ. ಅವರನ್ನೂ ಆ ಪೈಕಿಯೇ ಎಂದು ಹಿಡಿಯಿರಿ, ಹತ್ತು ನಿಮಿಷಕ್ಕೆ ಮುಗಿಯುವುದೂ ಇಲ್ಲ. ಮರಳುಗಲ್ಲಿನ ಗುಡ್ಡದಲ್ಲಿ ಎತ್ತರಕ್ಕಿಂತ ಕಾಲ ಕೆಳಗಿನ ಸಡಿಲ ಕಲ್ಲು ಮತ್ತು ಬಿಸಿಲು ಹೆಚ್ಚು ಹೊತ್ತು ತಿನ್ನುತ್ತವೆ. ಅದಕ್ಕೆ ಯಾವ ಸೂತ್ರದಲ್ಲೂ ಜಾಗವಿಲ್ಲ. ಇದೇ ಐದು ಕಿಲೋಮೀಟರ್ ಖಾನಾಪುರ ಕಡೆ ಕಾಡಿನಲ್ಲಿ, ಮಳೆಗಾಲದಲ್ಲಿ ನಡೆದವರನ್ನು ಕೇಳಿ. ಕೆಸರು, ಇಂಬಳದ ಮಧ್ಯೆ ಅವರ ಲೆಕ್ಕವೇ ಬೇರೆ.

ಹಾಗಾಗಿ "ಎಷ್ಟು ಹೊತ್ತು ಬೇಕು" ಅನ್ನುವ ಪ್ರಶ್ನೆಯೇ ನನಗೆ ಸರಿ ಕಾಣುವುದಿಲ್ಲ. ನಮ್ಮ ಕಾಕಾ ಯುಗಾದಿಗೆ ಶ್ರೀಶೈಲಕ್ಕೆ ಪಾದಯಾತ್ರೆ ಹೋಗುವವರು. ದಿನಕ್ಕೆ ಎಷ್ಟು ಕಿಲೋಮೀಟರ್ ಅಂತ ಕೇಳಿದರೆ ಅವರ ಹತ್ತಿರ ಉತ್ತರವೇ ಇಲ್ಲ. "ಬಿಸಿಲೇರೂದ್ರಾಗ ಮುಂದಿನ ವಸ್ತಿ ಮುಟ್ಟಬೇಕು, ಮುಟ್ಟೂದಾಗ್ಲಿಲ್ಲಂದ್ರ ಎಲ್ಲಿ ನೆರಳೈತಿ ಅಲ್ಲೇ ವಸ್ತಿ" ಅನ್ನುತ್ತಾರೆ. ಮಧ್ಯರಾತ್ರಿ ಕಳೆದ ಮೇಲೆ ಎದ್ದು ನಡೆದು, ಹೊತ್ತೇರಿದರೆ ಮಲಗುವ ಜನ ಅವರು. ನಾನು ಈಗ ಗುಡ್ಡಕ್ಕೆ ಹೊರಟರೆ ಮೊದಲು ಗೊತ್ತುಮಾಡುವುದು ಎಷ್ಟು ಗಂಟೆಗೆ ತಿರುಗಬೇಕು ಅನ್ನುವುದನ್ನು. ಆ ಹೊತ್ತು ಬಂದಾಗ ಗುಡಿ ಗೋಪುರ ಕಣ್ಣಿಗೆ ಕಾಣುತ್ತಿದ್ದರೂ ತಿರುಗುವುದೇ. ನೀವು ಬರುವ ಡಿಸೆಂಬರ್‌ನಲ್ಲಿ ಇಲ್ಲಿ ಆರರ ಸುಮಾರಿಗೆ ಹೊತ್ತು ಮುಳುಗುತ್ತದೆ, ಆಮೇಲೆ ಅರ್ಧ ತಾಸೂ ಬೆಳಕಿರುವುದಿಲ್ಲ.

ಮೊದಲ ಅರ್ಧ ತಾಸು ಮಗಳನ್ನು ಮುಂದೆ ಬಿಟ್ಟು, ಅವಳು ನಿಂತಲ್ಲಿ ನಿಂತು ನಡೆಯಿರಿ. ಅಷ್ಟರಲ್ಲಿ ಎಷ್ಟು ದೂರ ಬಂದಿರೋ ಅದೇ ನಿಮ್ಮ ವೇಗ. ಒಂದು ಕಿಲೋಮೀಟರ್ ಆಗಿದ್ದರೆ ಐದಕ್ಕೆ ಎರಡೂವರೆ ತಾಸು, ಬಿಸಿಲೇರಿದ ಮೇಲೆ ಇನ್ನೂ ಜಾಸ್ತಿ. ಯಾವ ಆ್ಯಪ್ ಅಂತ ಕೇಳಿದ್ದೀರಿ. ಯಾವುದಾದರೂ ಸರಿ, ಆಟೋ ಪಾಜ್ ಆಫ್ ಮಾಡಿ.

ಹೋಗಿ ಬರುವುದು ಎರಡೂ ನಡೆದೇ ಆಗಬೇಕೆಂಬ ಹಟ ನನಗಂತೂ ಅರ್ಥವಾಗಲಿಲ್ಲ. ಬೆಳಗ್ಗೆ ಏಳರೊಳಗೆ ಬಾದಾಮಿ ಬಿಟ್ಟು ನಡೆದು ಹೋಗಿ, ಪುಷ್ಕರಣಿಯಲ್ಲಿ ಮಗಳು ಸಾಕೆನ್ನುವವರೆಗೆ ಈಜಲಿ, ವಾಪಸ್ ಬರಲು ಮೊದಲೇ ಟಂಟಂ ಮಾತಾಡಿಡಿ. ತಂದೆಯವರನ್ನು ಬುತ್ತಿಯ ಜೊತೆ ಅದರಲ್ಲೇ ಕಳಿಸಿದರೆ ಇನ್ನೂ ಒಳ್ಳೆಯದು. ರೈಲು ಮರುದಿನದ್ದಿರಲಿ. ಟಿಕೆಟ್ ಈಗಾಗಲೇ ಆಗಿದೆ, ಬದಲಿಸಲು ಬರುವುದಿಲ್ಲ ಅಂದರೆ ಮಹಾಕೂಟಕ್ಕೆ ರಸ್ತೆಯಲ್ಲೇ ಹೋಗಿ ಬನ್ನಿ. ನಡೆಯುವ ಆಸೆಗೆ ಅಗಸ್ತ್ಯತೀರ್ಥ ಕೆರೆಯ ದಂಡೆ ಹಿಡಿದು ಭೂತನಾಥ ಗುಡಿಯವರೆಗೆ ಹೋಗಿ, ಆಮೇಲೂ ಕಾಲಿನಲ್ಲಿ ಕಸುವಿದ್ದವರು ಬಾದಾಮಿಯ ಮ್ಯೂಸಿಯಂ ಕಡೆಯಿಂದ ಮೇಲಿನ ಶಿವಾಲಯ ಹತ್ತಲಿ. ಯಾರಿಗಾದರೂ ನಡುವೆ ಸಾಕಾಯಿತು ಅಂದರೆ ಅಲ್ಲಿಂದ ಆಟೋ ಹತ್ತಿರವೇ ಇದೆ, ಸ್ಟೇಷನ್‌ಗೆ ಒಂದು ತಾಸು ಮುಂಚೆ ಹೊರಡಿ.