ಎಂ.ಎಡ್ ಅಧ್ಯಯನಕ್ಕೆ ತಾಲ್ಲೂಕಿನ 5ನೇ ತರಗತಿ ಮಕ್ಕಳ ಓದುವ ಮಟ್ಟ ನೋಡಬೇಕು. ಯಾವ ಸ್ಯಾಂಪ್ಲಿಂಗ್ (ಎಲ್ಲರ ಬದಲು ಕೆಲವರನ್ನು ಆರಿಸುವ ವಿಧಾನ) ಸರಿ?

ಮೊದಲು ನೋಡಬೇಕಾದ್ದು, ನಿಮ್ಮ ಕೈಯಲ್ಲಿ ಯಾವ ಪಟ್ಟಿ ಇದೆ ಅಂತ. ಎಲ್ಲ ಮಕ್ಕಳ ಹೆಸರು ಸಿಗೋದು ಕಷ್ಟ, ಶಾಲೆಗಳ ಪಟ್ಟಿ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯಲ್ಲಿ ಕೇಳಿದರೆ ಸಿಗಬಹುದು. ಹಾಗಾಗಿ ಮೊದಲು ಶಾಲೆ, ಆಮೇಲೆ ಮಕ್ಕಳು.

ಪಟ್ಟಿಯನ್ನು ಸರ್ಕಾರಿ, ಅನುದಾನಿತ, ಖಾಸಗಿ ಎಂದು ಭಾಗ ಮಾಡಿ, ಪ್ರತಿ ಭಾಗದಿಂದಲೂ ಚೀಟಿ ಎತ್ತಿ. ಹತ್ತಿರದ ಎರಡು ಶಾಲೆಗೆ ಸುಮ್ನೆ ಹೋಗಿ ಬಂದರೆ ಅದು ಆ ಎರಡು ಶಾಲೆಯ ಕಥೆ ಅಷ್ಟೇ, ತಾಲ್ಲೂಕಿನದ್ದಲ್ಲ. ಪ್ರಶ್ನೆಪತ್ರಿಕೆಯ ಪೈಲಟ್‌ಗಾದರೆ, ಅಂದರೆ ಮೊದಲು ಮಾಡಿ ನೋಡುವ ಪ್ರಯೋಗಕ್ಕಾದರೆ, ಅದು ಸಾಕು.

ಹೆಚ್ಚಿನವರು ಎಡವೋದು ಇಲ್ಲಿ: 10 ಶಾಲೆ, ತಲಾ 30 ಮಕ್ಕಳು, ಒಟ್ಟು 300. ಆದರೆ ಒಂದೇ ಮೇಷ್ಟ್ರ ಹತ್ತಿರ ಕಲಿತವರು ಒಬ್ಬರಿಗೊಬ್ಬರು ಹೋಲ್ತಾರೆ ಅಲ್ವಾ? ಆ ಹೋಲಿಕೆ 0.2 ಇದೆ ಅಂದುಕೊಳ್ಳಿ (0 ಅಂದರೆ ಹೋಲಿಕೆಯೇ ಇಲ್ಲ, 1 ಅಂದರೆ ಎಲ್ಲರೂ ಒಂದೇ ಥರ). ಒಂದು ಶಾಲೆಯ ಮಕ್ಕಳ ಸಂಖ್ಯೆಯಲ್ಲಿ ಒಂದು ಕಳೆದು, ಹೋಲಿಕೆಯಿಂದ ಗುಣಿಸಿ, 1 ಕೂಡಿಸಿ: 1 + 29 × 0.2 = 6.8. 300ನ್ನು ಅದರಿಂದ ಭಾಗಿಸಿದರೆ ಬರೋದು ಸುಮಾರು 44, ಅಂದರೆ ಇಡೀ ತಾಲ್ಲೂಕಿನಿಂದ ಬಿಡಿಬಿಡಿಯಾಗಿ ಆರಿಸಿದ 44 ಮಕ್ಕಳಷ್ಟೇ ತೂಕ! ಅದೇ 30 ಶಾಲೆ, ತಲಾ 10 ಮಕ್ಕಳಾದರೆ ಸುಮಾರು 107. ಬಸ್ ಖರ್ಚು ಜಾಸ್ತಿ, ಆದರೂ ನಾನು ಇದನ್ನೇ ಆರಿಸುತ್ತೇನೆ.

ಶಾಲೆಯೊಳಗೆ ಆಯ್ಕೆಯನ್ನು ಶಿಕ್ಷಕರಿಗೆ ಬಿಡಬೇಡಿ, ಚೆನ್ನಾಗಿ ಓದುವವರೇ ಮುಂದೆ ಬಂದು ನಿಲ್ತಾರೆ. ಹಾಜರಿ ಪುಸ್ತಕದಿಂದ ನೀವೇ ಚೀಟಿ ಎತ್ತಿ ಆರಿಸಿ. ಗೈರಾದವರಿಗೆ ಇನ್ನೊಂದು ದಿನ ಹೋಗಿ.

ಶಾಲೆ ಬಿಟ್ಟ ಮಕ್ಕಳೂ ಬೇಕಾದರೆ ಶಾಲೆಗೆ ಹೋಗಿ ಪ್ರಯೋಜನವಿಲ್ಲ. ಅದಕ್ಕೇ ಮಕ್ಕಳ ಓದು, ಲೆಕ್ಕದ ಮಟ್ಟ ನೋಡುವ ಪ್ರಥಮ್ ಸಂಸ್ಥೆಯ ಅಸರ್ ಸಮೀಕ್ಷೆ ಮನೆಮನೆಗೆ ಹೋಗುತ್ತದೆ: ಜಿಲ್ಲೆಗೆ 30 ಹಳ್ಳಿ, ಹಳ್ಳಿಗೆ 20 ಮನೆ.