ಒಂದೇ ಚಿಪ್ಪು, ಅದಕ್ಕೊಂದು ಹೊಸ ಹೆಸರು

ಪ್ರಶ್ನೆ: ಎಂ.ಎಸ್ಸಿ. ಪ್ರಾಜೆಕ್ಟಿಗೆ ಅಂಡಮಾನಿನ ಮಯೋಸೀನ್ (ಸುಮಾರು 2.3 ಕೋಟಿಯಿಂದ 53 ಲಕ್ಷ ವರ್ಷ ಹಿಂದಿನ) ಮಡ್‌ಸ್ಟೋನ್ ತೊಳೆದಾಗ ಗ್ಲೋಬಿಜೆರಿನಾಯ್ಡಿಸ್ (ಸಮುದ್ರದಲ್ಲಿ ತೇಲುವ ಏಕಕೋಶ ಜೀವಿಗಳಾದ ಫೊರಾಮಿನಿಫೆರಾದ ಒಂದು ಕುಲ, ಅಂದರೆ ಜೀನಸ್) ತರಹದ ಒಂದು ಚಿಪ್ಪು ಸಿಕ್ಕಿದೆ. ಕೊನೆಯ ಕೋಣೆ ತೀರಾ ಚಿಕ್ಕದು, ಮೈಮೇಲೆ ಬಿಳಿ ಹರಳು. ಯಾವ ಪುಸ್ತಕದಲ್ಲೂ ಇಂಥದ್ದಿಲ್ಲ. ಹೊಸ ಪ್ರಭೇದವೆಂದು ಬರೆಯುವುದು ಹೇಗೆ? – ವಿದ್ಯಾರ್ಥಿನಿ, ಬೆಳಗಾವಿ

ಉತ್ತರ: ಬರೆಯಬೇಡಿ, ಸದ್ಯಕ್ಕಂತೂ ಬೇಡ. ಈ ಪ್ರಶ್ನೆ ಬಂದಾಗಲೆಲ್ಲ ಚಿಪ್ಪು ಒಂದೇ ಇರುತ್ತದೆ, ಕೊನೆಯ ಕೋಣೆ ವಿಚಿತ್ರವಾಗಿರುತ್ತದೆ. ಬೆಳವಣಿಗೆ ಮುಗಿಯುವ ಹೊತ್ತಿಗೆ ಅಥವಾ ಆಹಾರ, ಉಪ್ಪಿನಂಶ ಏರುಪೇರಾದಾಗ ಪುಟ್ಟ ಕೊನೆಯ ಕೋಣೆ ಕಟ್ಟುವುದು ಹತ್ತಾರು ಪ್ರಭೇದಗಳಲ್ಲಿದೆ. ಇದಕ್ಕೆ ಕುಮ್ಮರ್‌ಫಾರ್ಮ್ ಎನ್ನುತ್ತಾರೆ. ನಿಮ್ಮ ಚಿಪ್ಪಿನ ನೆಂಟರನ್ನೇ ನೋಡಿ: ಕೊನೆಯ ಕೋಣೆ ಚೀಲದಂತಿದ್ದರೆ ಸ್ಯಾಕ್ಯುಲಿಫರ್, ಚೀಲವಿಲ್ಲದೆ ದೊಡ್ಡದಾಗಿದ್ದರೆ ಟ್ರೈಲೋಬಸ್, ಚಿಕ್ಕದಾದರೆ ಇಮ್ಮಟ್ಯೂರಸ್ ಎಂದು ಬೇರೆಬೇರೆ ಹೆಸರು ನಡೆದುಬಂದಿದ್ದವು. ಈಗಿನ ಸಾಗರದ ಜೀವಂತ ಮಾದರಿಗಳ ಡಿಎನ್‌ಎ ನೋಡಿ 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಇವೆಲ್ಲ ಒಂದೇ ಪ್ರಭೇದವೆಂದು ಕಂಡುಬಂತು.

ಇನ್ನು ಆ ಬಿಳಿ ಹರಳು. ಕೊನೆಯ ಸಲ ಯಾವ ನೀರಲ್ಲಿ ತೊಳೆದಿರಿ? ಬೋರ್‌ವೆಲ್ ನೀರಾದರೆ ಅದು ನಿಮ್ಮ ಸಿಂಕಿನ ಸುಣ್ಣ. ಪಾತ್ರೆಯ ತಳಕ್ಕೆ ಕಟ್ಟುವುದು ಚಿಪ್ಪಿಗೂ ಕಟ್ಟುತ್ತದೆ. ಹಾಗೆಂದು ಬರೀ ಡಿಸ್ಟಿಲ್ಡ್ ವಾಟರ್‌ನಲ್ಲಿ ನೆನೆಯಲು ಬಿಡಬೇಡಿ. ಗಾಳಿಯ ಕಾರ್ಬನ್ ಡೈಆಕ್ಸೈಡ್ ಹೀರಿ ಅದು ಹುಳಿಯಾಗುತ್ತದೆ, ಚಿಪ್ಪನ್ನು ಸವೆಸುತ್ತದೆ. ಒಂದೆರಡು ಹನಿ ಅಮೋನಿಯಾ ಹಾಕಿ ಪಿಎಚ್ 8ರ ಆಸುಪಾಸಿಗೆ ತಂದು ತೊಳೆಯಿರಿ, 50 ಡಿಗ್ರಿ ಸೆಲ್ಸಿಯಸ್ ಮೀರದಂತೆ ಒಣಗಿಸಿ. ಪ್ರತಿ ಮಾದರಿಯ ನಂತರ 63 ಮೈಕ್ರಾನ್ ಜರಡಿಯನ್ನು ಮೆಥಿಲೀನ್ ಬ್ಲೂದಲ್ಲಿ ಅದ್ದುವುದನ್ನು ಬಹಳ ಜನ ಬಿಡುತ್ತಾರೆ. ಹಾಗೆ ಅದ್ದಿದ್ದರೆ ಮುಂದಿನ ಮಾದರಿಯಲ್ಲಿ ಸಿಕ್ಕ ನೀಲಿ ಚಿಪ್ಪು ಹಿಂದಿನದರದ್ದು ಎಂದು ಕಂಡ ಕೂಡಲೇ ಗೊತ್ತಾಗುತ್ತದೆ. ಯಾವ ಪದರದಿಂದ ಬಂತೆಂದು ಖಾತ್ರಿಯಿಲ್ಲದ ಚಿಪ್ಪಿಗೆ ಹೆಸರಿಟ್ಟು ಏನು ಮಾಡುತ್ತೀರಿ?

150 ಮೈಕ್ರಾನ್ ಜರಡಿಯ ಮೇಲೆ ನಿಂತದ್ದರಲ್ಲಿ ಇದೇ ರೂಪದ 20–30 ಚಿಪ್ಪುಗಳಾದರೂ ಸಿಗಲಿ, ಮೇಲಿನ ಕೆಳಗಿನ ಪದರಗಳಲ್ಲೂ ಹುಡುಕಿ. ಅದಕ್ಕಿಂತ ಸಣ್ಣವನ್ನು ಮುಟ್ಟಬೇಡಿ. ಮರಿಚಿಪ್ಪಿನ ಬಾಯಿ ಅಂಚಿನ ಕಡೆಗಿದ್ದು ಬೇರೆಯೇ ಜೀನಸ್ಸಿನಂತೆ ಕಂಡು ಮೋಸ ಮಾಡುತ್ತದೆ. ಎಡಸುರುಳಿ, ಬಲಸುರುಳಿ ಎಷ್ಟೆಷ್ಟು ಎಂದು ಎಣಿಸಿಡಿ, ಆದರೆ ಅದೊಂದನ್ನೇ ನಂಬಿ ಪ್ರಭೇದ ಒಡೆಯಬೇಡಿ. ಕೊನೆಯ ಸುತ್ತಿನ ಕೋಣೆಗಳ ಸಂಖ್ಯೆ, ಮುಖ್ಯ ಬಾಯಿಯ ಜಾಗ ಮತ್ತು ತುಟಿ, ಸುರುಳಿಯ ಬದಿಯ ಉಪಬಾಯಿಗಳು, ಅತಿ ಹೆಚ್ಚಿನ ವ್ಯಾಸ, ಇವೆಲ್ಲದಕ್ಕಿಂತ ಮುಖ್ಯವಾಗಿ ಗೋಡೆ: ಮುಳ್ಳಿನ ಬುಡ ಇದೆಯೇ, ಜೇನುಗೂಡಿನಂತಿದೆಯೇ, ರಂಧ್ರ ಎಷ್ಟು ಮೈಕ್ರಾನ್. ಇದಕ್ಕೆ ಎಸ್‌ಇಎಂ (ಸ್ಕ್ಯಾನಿಂಗ್ ಎಲೆಕ್ಟ್ರಾನ್ ಮೈಕ್ರೋಸ್ಕೋಪ್) ಬೇಕು. ಹೋಲೋಟೈಪಿಗೆ (ಹೊಸ ಹೆಸರಿಗೆ ಆಧಾರವಾಗಿ ಆರಿಸಿದ ಒಂದು ಚಿಪ್ಪಿಗೆ) ಎಸ್‌ಇಎಂಗಾಗಿ ಚಿನ್ನ ಬಳಿಯುವ ಮೊದಲು ಸಾದಾ ಮೈಕ್ರೋಸ್ಕೋಪಿನಲ್ಲಿ ಚಿತ್ರ ತೆಗೆದಿಡಿ. ಹೊಕ್ಕುಳ ಬದಿ, ಸುರುಳಿ ಬದಿ, ಅಂಚು, ಮೂರೂ ನೋಟ ಬೇಕು. ಮೂರಕ್ಕೂ ಒಂದೇ ಚಿಪ್ಪು ಬಳಸದಿದ್ದರೆ ಹಾಗೆಂದು ಬರೆಯಿರಿ.

ಇಷ್ಟಾದ ಮೇಲೂ ಬೇರೆಯೇ ಕಂಡರೆ ಹೆಸರಿಡಿ. ಹತ್ತಿರದ ಪ್ರಭೇದಕ್ಕಿಂತ ಯಾವ ಲಕ್ಷಣದಲ್ಲಿ ಬೇರೆ ಎಂಬುದು ಮೊದಲ ಸಾಲಿನಲ್ಲೇ ಬರಲಿ. ಪ್ರಾಣಿನಾಮಕರಣ ಸಂಹಿತೆಯ ಪ್ರಕಾರ 1999ರ ನಂತರದ ಹೆಸರಿಗೆ ಹೊಸದೆಂಬ ಸ್ಪಷ್ಟ ಘೋಷಣೆ, ಹೋಲೋಟೈಪಿನ ಗುರುತು, ಅದನ್ನಿಡುವ ಸಂಗ್ರಹಾಲಯದ ಹೆಸರು ಕಡ್ಡಾಯ. ಆನ್‌ಲೈನ್‌ನಲ್ಲಿ ಮಾತ್ರ ಬರುವುದಾದರೆ ಜೂಬ್ಯಾಂಕ್ (ಪ್ರಾಣಿಹೆಸರುಗಳ ಅಧಿಕೃತ ಆನ್‌ಲೈನ್ ದಾಖಲೆ) ನೋಂದಣಿಯೂ ಬೇಕು. ಲ್ಯಾಟಿನ್ ಲಿಂಗ ತಪ್ಪಬೇಡಿ: ಗ್ಲೋಬಿಜೆರಿನಾ ಸ್ತ್ರೀಲಿಂಗ, ಗ್ಲೋಬಿಜೆರಿನಾಯ್ಡಿಸ್ ಪುಲ್ಲಿಂಗ, ಅದಕ್ಕೇ ಅದು ರೂಬರ್, ರೂಬ್ರಾ ಅಲ್ಲ. ‘ಬೆಳಗಾವಿಯೆನ್ಸಿಸ್’ ಎಂದಿಟ್ಟರೆ ನಿಯಮ ತಡೆಯುವುದಿಲ್ಲ. ಆದರೆ ಓದಿದವರು ಮುಂದೆ ಬೆಳಗಾವಿಯಲ್ಲಿ ಮಯೋಸೀನ್ ಸಮುದ್ರ ಹುಡುಕುತ್ತ ಅಲೆದಾರು.

ಪ್ರಶ್ನೆ: ಕಲಾದಗಿ ಸುಣ್ಣಗಲ್ಲು ಪುಡಿ ಮಾಡಿ ನೋಡಿದ್ರ ದುಂಡನೆ ಕಾಳು ಕಾಣ್ತಾವ. ಫೊರಾಮಿನಿಫೆರಾ ಇರಬಹುದೇನ್ರಿ? – ಬಾಗಲಕೋಟೆ

ಉತ್ತರ: ಇಲ್ಲ. ಆ ಕಲ್ಲು ಪ್ರೊಟೆರೊಜೋಯಿಕ್, 53 ಕೋಟಿ ವರ್ಷಕ್ಕೂ ಹಿಂದಿನದು. ತೇಲುವ ಫೊರಾಮಿನಿಫೆರಾ ಹುಟ್ಟಿದ್ದು ಅದಕ್ಕಿಂತ ಬಹಳ ಈಚೆಗೆ, ಜುರಾಸಿಕ್‌ನಲ್ಲಿ. ಅಲ್ಲಿ ಹುಡುಕಬೇಕಾದದ್ದು ಸ್ಟ್ರೋಮಟೊಲೈಟ್ (ಸೂಕ್ಷ್ಮಜೀವಿಗಳು ಪದರಪದರವಾಗಿ ಕಟ್ಟಿದ ಕಲ್ಲು).

ಪ್ರಶ್ನೆ: ವಿನೆಗರ್‌ನಲ್ಲಿ ನೆನೆಸಿದರೆ ಚಿಪ್ಪು ಬೇಗ ಬಿಡುತ್ತದೆಂದು ವೀಡಿಯೊ ನೋಡಿದೆ. – ಜಮಖಂಡಿ

ಉತ್ತರ: ಬಿಡುವುದಿಲ್ಲ, ಕರಗುತ್ತದೆ. ಚಿಪ್ಪೂ ಕ್ಯಾಲ್ಸೈಟೇ. ಆ ವೀಡಿಯೊ ಮಾಡಿದವರು ಆಮೇಲೆ ಉಳಿದದ್ದನ್ನು ತೋರಿಸಿದರೇ?

ಪ್ರಶ್ನೆ: ಬಸಾಲ್ಟ್ ಪದರಗಳ ನಡುವಿನ ಬಸವನಹುಳು ಕಲ್ಲನ್ನು ‘ಪ್ರಳಯದ ಸಮುದ್ರದ್ದು’ ಎಂದು ಮಾರುತ್ತಿದ್ದಾರೆ. ಕೊಳ್ಳಬಹುದೇ? – ವಿಜಯಪುರ

ಉತ್ತರ: ದುಡ್ಡು ಉಳಿಸಿ. ನಮ್ಮ ಕಡೆಯ ಟ್ರ್ಯಾಪ್ (ಬಸಾಲ್ಟ್ ಲಾವಾ ಪದರ) ನಡುವಿನವು ಸಿಹಿನೀರಿನ ಕೆರೆಯ ಹುಳುಗಳು. ಲಾವಾ ಪದರಗಳ ನಡುವೆ ತೇಲುವ ಫೊರಾಮಿನಿಫೆರಾ ನೋಡಬೇಕಿದ್ದರೆ ರಾಜಮಹೇಂದ್ರವರಂ ಕಡೆಯ ಕ್ವಾರಿಗಳಿಗೆ ಹೋಗಿ.

ಪ್ರಶ್ನೆ: ಹಣ ಕಟ್ಟಿದರೆ ವಾರದಲ್ಲಿ ಹೊಸ ಪ್ರಭೇದ ಪ್ರಕಟಿಸುವ ಪತ್ರಿಕೆ ಸಿಕ್ಕಿದೆ, ಹೆಸರು ನಿಲ್ಲುತ್ತದೆಯೇ? – ಹೆಸರು ಬೇಡ, ಬೆಳಗಾವಿ

ಉತ್ತರ: ನಿಲ್ಲುತ್ತದೆ, ತೊಂದರೆಯೇ ಅದು. ಸಂಹಿತೆ ವಿಮರ್ಶಕರ ಒಪ್ಪಿಗೆ ಕೇಳುವುದಿಲ್ಲ. ನಿಯಮದ ಸಾಲುಗಳು ಸರಿಯಿದ್ದರೆ ಮುಂದೆ ಆ ಜೀನಸ್ ಪರಿಷ್ಕರಿಸುವ ಪ್ರತಿಯೊಬ್ಬರೂ ನಿಮ್ಮ ಸುಣ್ಣ ಕಟ್ಟಿದ ಹೋಲೋಟೈಪನ್ನು ತರಿಸಿ ನೋಡಬೇಕಾಗುತ್ತದೆ.