ಕಾಂಕಾರ್ಡ್ ನಿಂತಿದ್ದು ಅಪಘಾತದಿಂದಲೇ?

ಪ್ರಶ್ನೆ: ಶಬ್ದಕ್ಕಿಂತ ವೇಗವಾಗಿ ಹಾರುತ್ತಿದ್ದ ಕಾಂಕಾರ್ಡ್, 2000ದ ಪ್ಯಾರಿಸ್ ದುರಂತದಿಂದಾಗಿ ನಿಂತುಹೋಯಿತು ಎಂದು ಓದಿದ್ದೇನೆ. ಒಂದು ಅಪಘಾತವಾಯಿತೆಂದು ಅಂಥ ವಿಮಾನವನ್ನೇ ಕೈಬಿಡುತ್ತಾರೆಯೇ?
– ಓದುಗರೊಬ್ಬರು, ಬೆಂಗಳೂರು

ಉತ್ತರ: ನಿಮ್ಮ ಅನುಮಾನ ಸರಿಯಾಗಿದೆ. ರನ್‌ವೇ ಮೇಲೆ ಬಿದ್ದಿದ್ದ ಲೋಹದ ಪಟ್ಟಿ ಟೈರನ್ನು ಸೀಳಿತು, ಟೈರಿನ ತುಂಡು ರೆಕ್ಕೆಯ ತಳಕ್ಕೆ ಬಡಿದು ಇಂಧನ ಸೋರಿ ಬೆಂಕಿ ಹೊತ್ತಿಕೊಂಡಿತು. 113 ಮಂದಿ ಸತ್ತ ಘೋರ ದುರಂತ ಅದು. ಆದರೂ ಟ್ಯಾಂಕುಗಳಿಗೆ ಒಳಪದರ ಹಾಕಿ, ಟೈರು ಬದಲಿಸಿ, 2001ರ ನವೆಂಬರಿನಲ್ಲಿ ಕಾಂಕಾರ್ಡ್ ಮತ್ತೆ ಪ್ರಯಾಣಿಕರೊಂದಿಗೆ ಹಾರಿತು. ಅದರ ಹಣೆಬರಹ 1973ರಲ್ಲೇ ಬರೆದಾಗಿತ್ತು ಎಂಬುದು ನನ್ನ ಖಚಿತ ಅಭಿಪ್ರಾಯ.

ಅದಕ್ಕೆ ಮೊದಲ ಕಾರಣ ಅದರ ಸದ್ದು. 2020ರ ಮೇ 20ರಂದು ಬೆಂಗಳೂರನ್ನು ಬೆಚ್ಚಿಬೀಳಿಸಿದ ಸದ್ದು ನಿಮಗೆ ನೆನಪಿರಬಹುದು. ವಾಯುಪಡೆಯ ಪರೀಕ್ಷಾ ಹಾರಾಟದಿಂದ ಎದ್ದ ಸೋನಿಕ್ ಬೂಮ್ ಅದು, ಅಂದರೆ ಶಬ್ದಕ್ಕಿಂತ ವೇಗವಾಗಿ ಹಾರುವ ವಿಮಾನ ಎಬ್ಬಿಸುವ ಸ್ಫೋಟದಂಥ ಸದ್ದು. ಶಬ್ದದ ವೇಗವನ್ನು ದಾಟುವಾಗ ಮಾತ್ರ ಈ ಸದ್ದು ಹುಟ್ಟುತ್ತದೆ ಎಂದು ಅನೇಕರು ತಿಳಿದಿದ್ದಾರೆ. ಹಾಗಲ್ಲ. ವಿಮಾನ ಆ ವೇಗದಲ್ಲಿರುವಷ್ಟು ಹೊತ್ತೂ ಒತ್ತಡದ ಅಲೆ ಅದರ ಹಿಂದೆಯೇ ಸಾಗುತ್ತದೆ. ದಾರಿಯುದ್ದಕ್ಕೂ, ಹತ್ತಾರು ಕಿಲೋಮೀಟರ್ ಅಗಲಕ್ಕೆ, ಕೆಳಗಿನ ಊರೂರಿಗೂ ಅದು ಬಡಿಯುತ್ತದೆ. ದಿನಾಲೂ ಇದನ್ನು ಯಾರು ಸಹಿಸಿಯಾರು? 1973ರಲ್ಲಿ ಅಮೆರಿಕ ತನ್ನ ನೆಲದ ಮೇಲೆ ಇಂಥ ನಾಗರಿಕ ಹಾರಾಟವನ್ನು ನಿಷೇಧಿಸಿತು. ಅದೇ ವರ್ಷ ಅಮೆರಿಕದ ವಿಮಾನಯಾನ ಸಂಸ್ಥೆ ಪ್ಯಾನ್ ಆಮ್ ಕಾಂಕಾರ್ಡ್ ಕೊಳ್ಳುವ ಯೋಚನೆ ಬಿಟ್ಟಿತು, ತೈಲದ ಬೆಲೆ ಗಗನಕ್ಕೇರಿತು. ಕಾಂಕಾರ್ಡ್ ಕಾಯ್ದಿರಿಸಿದ್ದ ಏರ್ ಇಂಡಿಯಾ ಕೂಡ ಹಿಂದೆ ಸರಿಯಿತು. ಕೊನೆಗೆ ಉಳಿದವು ಬ್ರಿಟಿಷ್ ಏರ್‌ವೇಸ್ ಮತ್ತು ಏರ್ ಫ್ರಾನ್ಸ್ ಮಾತ್ರ. 1976ರಲ್ಲಿ ಸೇವೆ ಆರಂಭವಾದಾಗ ಅದಕ್ಕೆ ಮನಸಾರೆ ಓಡಲು ಉಳಿದಿದ್ದು ಸಮುದ್ರದ ಮೇಲಿನ ಆಕಾಶ. ಲಂಡನ್–ಬಹ್ರೇನ್–ಸಿಂಗಪುರ ಮಾರ್ಗವನ್ನೂ ಪ್ರಯತ್ನಿಸಿದರು. ಭಾರತದ ಮೇಲೆ ಆ ವೇಗಕ್ಕೆ ಅನುಮತಿ ಸಿಗದೆ ಅದು ಲಾಭಕರವಾಗಲಿಲ್ಲ, 1980ರಲ್ಲಿ ನಿಂತಿತು. ನೂರು ಜನರಿಗಾಗಿ ಗಂಟೆಗೆ 25 ಸಾವಿರ ಲೀಟರಿಗೂ ಹೆಚ್ಚು ಇಂಧನ ಸುಡುವ ವಿಮಾನಕ್ಕೆ ಒಂದೆರಡು ಮಾರ್ಗಗಳ ಆದಾಯ ಯಾವ ಮೂಲೆಗೆ?

ಯಂತ್ರದ ಬಗ್ಗೆ ಮಾತ್ರ ನನಗೆ ಅಪಾರ ಗೌರವವಿದೆ. ಗಂಟೆಗೆ ಎರಡು ಸಾವಿರ ಕಿಲೋಮೀಟರ್ ಮೀರಿದ ವೇಗದಲ್ಲಿ ಮೈ ಕಾದು ವಿಮಾನವೇ ಹದಿನೈದು ಸೆಂಟಿಮೀಟರಿಗೂ ಹೆಚ್ಚು ಉದ್ದವಾಗುತ್ತಿತ್ತು. ಕಾಕ್‌ಪಿಟ್‌ನಲ್ಲಿ ಫ್ಲೈಟ್ ಎಂಜಿನಿಯರ್ ಫಲಕದ ಪಕ್ಕ ಸಂದೊಂದು ತೆರೆದುಕೊಂಡು, ತಣ್ಣಗಾದಾಗ ಮುಚ್ಚಿಕೊಳ್ಳುತ್ತಿತ್ತು. ಕೊನೆಯ ಹಾರಾಟಗಳಲ್ಲಿ ಕೆಲವು ಎಂಜಿನಿಯರ್‌ಗಳು ತಮ್ಮ ಟೋಪಿಯನ್ನು ಆ ಸಂದಿಗೆ ತುರುಕಿದರು. ಅದು ಅಲ್ಲೇ ಸಿಕ್ಕಿಕೊಂಡಿತು.

ದುರಂತದ ನಂತರ ಪ್ರಯಾಣಿಕರು ಕಡಿಮೆಯಾದರು, 2001ರ ಸೆಪ್ಟೆಂಬರ್ ದಾಳಿಯಿಂದ ವಿಮಾನಯಾನವೇ ಸೊರಗಿತು, ನಿರ್ವಹಣೆಯ ವೆಚ್ಚ ಏರಿತು. 2003ರ ಅಕ್ಟೋಬರ್ 24ರಂದು ಕೊನೆಯ ಪ್ರಯಾಣಿಕ ಹಾರಾಟ ನಡೆಯಿತು. 2025ರ ಜನವರಿಯಲ್ಲಿ ಅಮೆರಿಕದ ಬೂಮ್ ಕಂಪನಿಯ ಪ್ರಾಯೋಗಿಕ ವಿಮಾನ ಶಬ್ದದ ವೇಗವನ್ನು ದಾಟಿದೆ. ಸದ್ದನ್ನು ತಗ್ಗಿಸಲೆಂದೇ ನಾಸಾ ಎಕ್ಸ್-59 ವಿಮಾನವನ್ನು ರೂಪಿಸಿದೆ. ನನ್ನ ದೃಷ್ಟಿಯಲ್ಲಿ ಹೆಚ್ಚು ಮುಖ್ಯವಾದುದು ಈ ಎರಡನೆಯ ಪ್ರಯತ್ನ.